ಹಳೆಯ ನೋವಾ ಕಾರನ್ನು ರಸ್ತೆಗೂ ಡ್ರ್ಯಾಗ್ ಟ್ರ್ಯಾಕಿಗೂ ಸಜ್ಜುಗೊಳಿಸುವುದು ಹೇಗೆ?

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. 1968ರಿಂದ 1974ರ ನಡುವಿನ ಒಂದು ಷೆವರ್ಲೆ ನೋವಾ ಸಿಕ್ಕಿದೆ, ವಾರವಿಡೀ ಅದನ್ನು ರಸ್ತೆಯಲ್ಲಿ ಓಡಿಸಬೇಕು, ಶನಿವಾರ ಅದೇ ಕಾರನ್ನು ಡ್ರ್ಯಾಗ್ ಟ್ರ್ಯಾಕಿಗೂ, ಅಂದರೆ ನೇರ ಓಟದ ಸ್ಪರ್ಧೆಯ ಟ್ರ್ಯಾಕಿಗೂ, ಇಳಿಸಬೇಕು, ಹಾಗಾದರೆ ಯಾವ ಎಂಜಿನ್ ಹಾಕಲಿ ಎಂಬುದೇ ಆ ಪ್ರಶ್ನೆ. ಎಂಜಿನ್ ವಿಚಾರವನ್ನು ಕೊನೆಗೆ ಇಟ್ಟುಕೊಳ್ಳಿ ಎಂಬುದೇ ನನ್ನ ಉತ್ತರ. ಅರ್ಧಕ್ಕೆ ನಿಂತು, ಮೇಲೆ ಟಾರ್ಪಾಲು ಹೊದೆಸಿಕೊಂಡು, ಕೊನೆಗೆ ಬಂದ ಬೆಲೆಗೆ ಮಾರಾಟವಾಗುವ ಕಾರುಗಳಲ್ಲಿ ಹೆಚ್ಚಿನವು ಎಂಜಿನ್‌ನಿಂದ ಕೆಲಸ ಶುರುಮಾಡಿದವು. ಟೈರಿನಿಂದ ಆರಂಭಿಸಿ ಮುಂದಕ್ಕೆ ಬರುತ್ತಾ ಕಟ್ಟಿದ ಕಾರು ಸಾಮಾನ್ಯವಾಗಿ ಪೂರ್ಣಗೊಳ್ಳುತ್ತದೆ, ಓಡುತ್ತದೆ, ಮನೆಗೂ ಮರಳುತ್ತದೆ.

ನೋವಾ ಅಮೆರಿಕದವರು ಕಾಂಪ್ಯಾಕ್ಟ್ ಎಂದು ಕರೆಯುವ ವರ್ಗದ ಕಾರು. 1960ರ ಮಾದರಿ ವರ್ಷದಲ್ಲಿ ಫೋರ್ಡ್ ಫಾಲ್ಕನ್ ಮತ್ತು ಕ್ರೈಸ್ಲರ್ ಕಂಪನಿಯ ವೇಲಿಯಂಟ್ ಬಂದ ಮೇಲೆ, ಅವುಗಳಿಗೆ ಪೈಪೋಟಿಯಾಗಿ ಷೆವರ್ಲೆ 1962ರ ಮಾದರಿಯಾಗಿ ಚೆವಿ 2 ಎಂಬ ಸರಳ ಕಾರನ್ನು ಹೊರತಂದಿತು. 1969ರಿಂದ ಅದಕ್ಕೆ ನೋವಾ ಎಂಬ ಹೆಸರೊಂದೇ ಉಳಿಯಿತು. ಹಗುರ ಮೈ, ಹಿಂದಿನ ಚಕ್ರಗಳಿಗೆ ಬಲ, ವಿ8, ಅಂದರೆ ಎಂಟು ಸಿಲಿಂಡರಿನ, ಎಂಜಿನ್‌ಗೆ ಧಾರಾಳ ಜಾಗ, ಇಂದಿಗೂ ಹೊಸದಾಗಿ ತಯಾರಾಗಿ ಸಿಗುವ ಬಿಡಿಭಾಗಗಳು ಇರುವುದರಿಂದ ಈ ಕೆಲಸಕ್ಕೆ ಇದು ಹೇಳಿ ಮಾಡಿಸಿದ ಕಾರು.

ಭಾರತದಲ್ಲಿರುವ ಓದುಗರಿಗೆ ಮೊದಲೇ ಒಂದು ಮಾತು. ಇಲ್ಲಿ ವಿವರಿಸಿರುವ ಬದಲಾವಣೆಗಳನ್ನು ಭಾರತದಲ್ಲಿ ನೋಂದಾಯಿತ ಕಾರಿನಲ್ಲಿ ಮಾಡುವಂತಿಲ್ಲ. ತಯಾರಕರು ಕೊಟ್ಟ ಮೂಲ ವಿವರಗಳಿಂದ ವಾಹನವನ್ನು ಬೇರೆಯಾಗಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಆದ್ದರಿಂದ ಈ ಬರಹದ ಲೆಕ್ಕಾಚಾರಗಳೆಲ್ಲ ಅಮೆರಿಕದ ರಸ್ತೆ ಮತ್ತು ಅಲ್ಲಿನ ಟ್ರ್ಯಾಕ್‌ಗಳಿಗೆ ಸಂಬಂಧಿಸಿದವು.

ಹಂತ 1: ಮೊದಲು ಗುರಿಯ ಸಂಖ್ಯೆಯನ್ನು ಬರೆದಿಡಿ

ಡ್ರ್ಯಾಗ್ ಓಟವೆಂದರೆ ನಿಂತಲ್ಲಿಂದ ಹೊರಟು ನೇರ ಟ್ರ್ಯಾಕಿನಲ್ಲಿ ಕಾಲು ಮೈಲಿಯನ್ನು, ಅಂದರೆ 402 ಮೀಟರನ್ನು, ಎಷ್ಟು ಬೇಗ ಮುಗಿಸುತ್ತೀರಿ ಎಂಬುದರ ಪರೀಕ್ಷೆ. ಈ ಅವಧಿಗೆ ಇ.ಟಿ. (ಎಲಾಪ್ಸ್ಡ್ ಟೈಮ್) ಎನ್ನುತ್ತಾರೆ. ಗಡಿಯಾರ ಶುರುವಾಗುವುದು ಹಸಿರು ದೀಪ ಹೊತ್ತಿದಾಗ ಅಲ್ಲ, ನಿಮ್ಮ ಮುಂಚಕ್ರ ಹೊರಡುಗೆರೆಯ ಬೆಳಕಿನ ಕಿರಣವನ್ನು ಬಿಟ್ಟಾಗ. ದೀಪ ಕಂಡು ಹೊರಡಲು ನೀವು ತೆಗೆದುಕೊಂಡ ಸಮಯವನ್ನು ಬೇರೆಯಾಗಿ ಅಳೆಯುತ್ತಾರೆ.

ರಸ್ತೆಯಲ್ಲೂ ಓಡಬೇಕಾದ ಮೊದಲ ಕಾರಿಗೆ 11.50 ಸೆಕೆಂಡಿನ ಗುರಿಯನ್ನು ಇಟ್ಟುಕೊಳ್ಳಿ ಎಂಬುದು ನನ್ನ ಖಚಿತ ಸಲಹೆ, ಅದಕ್ಕೆ ಕಾರಣವಿದೆ. 1951ರಲ್ಲಿ ವಾಲಿ ಪಾರ್ಕ್ಸ್ ಸ್ಥಾಪಿಸಿದ ಎನ್‌ಎಚ್‌ಆರ್‌ಎ ಎಂಬ ಡ್ರ್ಯಾಗ್ ಓಟದ ಸಂಸ್ಥೆಯ ನಿಯಮಾವಳಿಯನ್ನೇ ಅಮೆರಿಕದ ಹೆಚ್ಚಿನ ಟ್ರ್ಯಾಕ್‌ಗಳು ಪಾಲಿಸುತ್ತವೆ. ಅದರ ಪ್ರಕಾರ ಮುಚ್ಚಿದ ಮೇಲ್ಛಾವಣಿಯ ಕಾರು 11.49 ಅಥವಾ ಅದಕ್ಕಿಂತ ಬೇಗ ಓಡಿದರೆ ರೋಲ್ ಬಾರ್, ಅಂದರೆ ಕಾರು ಮಗುಚಿದಾಗ ಚಾಲಕನನ್ನು ಕಾಯುವ ಉಕ್ಕಿನ ಕೊಳವೆ, ಕಡ್ಡಾಯವಾಗುತ್ತದೆ. ಟ್ರ್ಯಾಕಿನಲ್ಲಿ ಹೆಲ್ಮೆಟ್ ಧರಿಸಿದವನಿಗೆ ಆ ಕೊಳವೆ ಪ್ರಾಣರಕ್ಷಕ. ಪೇಟೆಯೊಳಗೆ ಹೆಲ್ಮೆಟ್ ಇಲ್ಲದೆ ಕುಳಿತಾಗ, ಸಣ್ಣ ಡಿಕ್ಕಿಯಲ್ಲೂ ತಲೆ ಬಡಿಯುವ ದೂರದಲ್ಲಿ ಇರುವುದೂ ಅದೇ ಕೊಳವೆ. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗುವ ಆಸೆಯಿದ್ದರಂತೂ ಈ ಗಡಿಯನ್ನು ದಾಟಬೇಡಿ. ದಾಟಲೇಬೇಕೆಂದರೆ ಕೊಳವೆಗೆ ಗಟ್ಟಿ ಪ್ಯಾಡಿಂಗ್ ಹಾಕಿಸಿ, ಸೀಟನ್ನು ಅದರಿಂದ ಸಾಧ್ಯವಾದಷ್ಟು ದೂರವಿಡಿ.

ಗುರಿ ಗೊತ್ತಾದರೆ ಬೇಕಾದ ಶಕ್ತಿಯನ್ನು ಲೆಕ್ಕ ಹಾಕಬಹುದು. ಚಾಲಕನೂ ಸೇರಿದಂತೆ ಕಾರಿನ ತೂಕವನ್ನು ಪೌಂಡುಗಳಲ್ಲಿ ತೆಗೆದುಕೊಂಡು, ಹಾರ್ಸ್‌ಪವರ್‌ನಿಂದ ಭಾಗಿಸಿ, ಬಂದ ಸಂಖ್ಯೆಯ ಘನಮೂಲವನ್ನು 5.825ರಿಂದ ಗುಣಿಸಿದರೆ ಇ.ಟಿ. ಅಂದಾಜಾಗಿ ಸಿಗುತ್ತದೆ. ಚಾಲಕನೊಂದಿಗೆ 3,400 ಪೌಂಡು, ಅಂದರೆ ಸುಮಾರು 1,540 ಕೆಜಿ ತೂಗುವ ನೋವಾಕ್ಕೆ 440 ಹಾರ್ಸ್‌ಪವರ್ ಇದ್ದರೆ ಉತ್ತರ 11.5 ಸೆಕೆಂಡು. ಅದೇ ಕಾರು 12.5 ಸೆಕೆಂಡಿಗೆ ಓಡಲು ಸುಮಾರು 345 ಸಾಕು. 11 ಸೆಕೆಂಡಿಗೆ 505 ಬೇಕು. ಕೊನೆಯ ಅರ್ಧ ಸೆಕೆಂಡಿಗೆ ಎಷ್ಟು ಶಕ್ತಿ, ಎಷ್ಟು ಹಣ ಬೇಕಾಗುತ್ತದೆ ಎಂಬುದನ್ನು ಈ ಮೂರು ಸಂಖ್ಯೆಗಳಿಂದಲೇ ಊಹಿಸಿಕೊಳ್ಳಬಹುದು.

ಹಂತ 2: ಕಾನೂನನ್ನು ನಿಮ್ಮ ರಾಜ್ಯದ ಮಟ್ಟದಲ್ಲಿ ತಿಳಿದುಕೊಳ್ಳಿ

ರಸ್ತೆಗೆ ಸಲ್ಲುವ ಕಾರು ಎಂಬುದಕ್ಕೆ ಅಮೆರಿಕದಾದ್ಯಂತ ಒಂದೇ ಅರ್ಥವಿಲ್ಲ, ಪ್ರತಿ ರಾಜ್ಯದ ನಿಯಮವೂ ಬೇರೆ. ಹೆಡ್‌ಲೈಟು, ಬ್ರೇಕ್ ದೀಪ, ಇಂಡಿಕೇಟರು, ಹಾರ್ನು, ವೈಪರು, ಕನ್ನಡಿ, ಸೀಟ್ ಬೆಲ್ಟು, ಸೈಲೆನ್ಸರು ಮತ್ತು ರಸ್ತೆ ಬಳಕೆಗೆ ಡಾಟ್ (ಅಮೆರಿಕದ ಸಾರಿಗೆ ಇಲಾಖೆ) ಗುರುತು ಪಡೆದ ಟೈರು ಎಲ್ಲ ಕಡೆಯೂ ಬೇಕು. ಪೆನ್ಸಿಲ್ವೇನಿಯಾದಂತಹ ರಾಜ್ಯಗಳಲ್ಲಿ ನಿಯತ ಸುರಕ್ಷತಾ ತಪಾಸಣೆಯ ಪದ್ಧತಿಯಿದೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿಯಿದೆ. 1974ರವರೆಗಿನ ನೋವಾವನ್ನೇ ಹುಡುಕಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಆದರೆ ಅದೇ ರಾಜ್ಯದಲ್ಲಿ ಸೈಲೆನ್ಸರ್ ಸದ್ದಿಗೆ 95 ಡೆಸಿಬೆಲ್ ಮಿತಿಯಿದೆ, ಹೊಗೆಯನ್ನು ಸೈಲೆನ್ಸರಿಗೆ ಹೋಗದಂತೆ ನಡುವೆಯೇ ಹೊರಬಿಡುವ ಕಟೌಟ್‌ಗಳಿಗೆ ಅವಕಾಶವಿಲ್ಲ.

ವಿಮೆಯ ಕಂಪನಿಗೆ ಬದಲಾವಣೆಗಳನ್ನು ಲಿಖಿತವಾಗಿ ತಿಳಿಸಿ. ಟ್ರ್ಯಾಕಿನಲ್ಲಾದ ಹಾನಿಯನ್ನು ಸಾಮಾನ್ಯ ಪಾಲಿಸಿಗಳು ಭರಿಸುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಿ.

ಹಂತ 3: ಕಾರನ್ನು ಆರಿಸುವುದು

ಎರಡು ಬಾಗಿಲಿನ ಕಾರಿಗೇ ಎಲ್ಲರೂ ಮುಗಿಬೀಳುತ್ತಾರೆ. ನಾಲ್ಕು ಬಾಗಿಲಿನ ನೋವಾದ ಅಡಿಭಾಗವೂ ಬಹುಮಟ್ಟಿಗೆ ಅದೇ, ಬೆಲೆ ಮಾತ್ರ ಕಡಿಮೆ. ಆರು ಸಿಲಿಂಡರಿನ ಎಂಜಿನ್ ಇದ್ದ ಕಾರನ್ನು ಕೊಂಡರೂ ನಷ್ಟವಿಲ್ಲ, ಹೇಗಿದ್ದರೂ ಎಂಜಿನ್ ಹೊರಗೆ ಬರುತ್ತದೆ. 1971ರವರೆಗಿನ ಕಾರುಗಳಲ್ಲಿ ಚಾಸಿ ಸಂಖ್ಯೆ 113ರಿಂದ ಆರಂಭವಾದರೆ ಅದು ಆರು ಸಿಲಿಂಡರಿನದಾಗಿ ಹುಟ್ಟಿದ ಕಾರು, 114 ಇದ್ದರೆ ವಿ8. ಎಸ್‌ಎಸ್ (ಸೂಪರ್ ಸ್ಪೋರ್ಟ್ ಎಂಬ ವಿಶೇಷ ಮಾದರಿಯ ಗುರುತು) ಎಂಬ ಲಾಂಛನಕ್ಕೆ ಬೆಲೆ ಕೊಡುವ ಮೊದಲು ಆ ಸಂಖ್ಯೆ ಎಸ್‌ಎಸ್ ಕಾರನ್ನು ಪ್ರತ್ಯೇಕವಾಗಿ ಗುರುತಿಸುವುದಿಲ್ಲ ಎಂಬುದನ್ನು ನೆನಪಿಡಿ. 396 ಘನ ಅಂಗುಲದ ಎಂಜಿನ್ ಹೊತ್ತ ನಿಜವಾದ ಎಸ್‌ಎಸ್ ಕೈಗೆ ಬಂದರೆ ದಯವಿಟ್ಟು ಅದನ್ನು ಕತ್ತರಿಸಬೇಡಿ. ಅದನ್ನು ಮೂಲ ಸ್ಥಿತಿಯಲ್ಲೇ ಉಳಿಸಿಕೊಳ್ಳುವವರಿಗೆ ಕೊಟ್ಟು, ಬಂದ ಹಣದಲ್ಲಿ ಸಾದಾ ನೋವಾ ಕೊಳ್ಳಿ.

ಟೈಟಲ್, ಅಂದರೆ ನಮ್ಮ ಆರ್‌ಸಿ ಪುಸ್ತಕದಂತಹ ಒಡೆತನದ ಪತ್ರ, ಮಾರುವವರ ಹೆಸರಿನಲ್ಲೇ ಇರಬೇಕು, ಅದರಲ್ಲಿರುವ ಸಂಖ್ಯೆ ವಿಂಡ್‌ಶೀಲ್ಡ್ ಬಳಿಯ ಫಲಕದ ಸಂಖ್ಯೆಗೆ ಹೊಂದಬೇಕು. ಪತ್ರವಿಲ್ಲದ ಕಾರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ.

ಇನ್ನು ತುಕ್ಕು. ಒಂದು ತಂಬಿಗೆ ನೀರು ತೆಗೆದುಕೊಂಡು ವಿಂಡ್‌ಶೀಲ್ಡಿನ ಕೆಳಗಿರುವ ಗಾಳಿಕಂಡಿಗಳ ಮೇಲೆ ನಿಧಾನವಾಗಿ ಸುರಿಯಿರಿ, ಆಮೇಲೆ ಒಳಗೆ ಕುಳಿತು ಕಾಲಿಡುವ ಜಾಗದ ಕಾರ್ಪೆಟ್ಟನ್ನು ಎತ್ತಿ ನೋಡಿ. ಅಲ್ಲಿ ಒದ್ದೆಯಾಗಿದ್ದರೆ ಕೌಲ್ ಎಂದು ಕರೆಯುವ ಆ ಮುಚ್ಚಿದ ಪೆಟ್ಟಿಗೆ ಒಳಗಿನಿಂದ ತೂತಾಗಿದೆ, ಅದನ್ನು ಸರಿಪಡಿಸಲು ಮುಂಭಾಗದ ತಗಡನ್ನೆಲ್ಲ ಬಿಚ್ಚಬೇಕಾಗುತ್ತದೆ. ಬಳಿಕ ಕಾರನ್ನು ಎತ್ತಿಸಿ, ಹಿಂದಿನ ಪಟ್ಟಿ ಸ್ಪ್ರಿಂಗುಗಳ ಮುಂದಿನ ತುದಿ ಕೂರುವ ಗೂಡು, ಹಿಂದಿನ ಫ್ರೇಮ್ ಹಳಿ ಮತ್ತು ಡಿಕ್ಕಿಯ ನೆಲವನ್ನು ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿ. ಬಾಗಿಲಿನ ತುಕ್ಕನ್ನು ಕ್ಷಮಿಸಬಹುದು. ಸ್ಪ್ರಿಂಗ್ ಗೂಡಿನ ತುಕ್ಕನ್ನು ಕ್ಷಮಿಸಲಾಗದು, ಏಕೆಂದರೆ ಕಾರನ್ನು ಮುಂದಕ್ಕೆ ತಳ್ಳುವ ಬಲವೆಲ್ಲ ಅಲ್ಲಿಂದಲೇ ಮೈಗೆ ದಾಟುತ್ತದೆ.

ಹಂತ 4: ಮೈಯನ್ನು ಗಟ್ಟಿಗೊಳಿಸುವುದು

ನೋವಾದ ರಚನೆ ಅರ್ಧ ಫ್ರೇಮು, ಅರ್ಧ ಮೈ. ಎಂಜಿನ್ ಮತ್ತು ಮುಂದಿನ ಸಸ್ಪೆನ್ಷನ್ ಹೊತ್ತ ಸಬ್‌ಫ್ರೇಮ್ ಎಂಬ ಮುಂದಿನ ಚೌಕಟ್ಟನ್ನು ರಬ್ಬರ್ ಬುಷ್‌ಗಳ ಮೂಲಕ ಬೋಲ್ಟ್ ಹಾಕಿ ಮೈಗೆ ಬಿಗಿದಿರುತ್ತಾರೆ, ಹಿಂದೆ ಪ್ರತ್ಯೇಕ ಚೌಕಟ್ಟು ಇಲ್ಲ. ಹೆಚ್ಚು ಬಲ ಹಾಕಿ ಹೊರಟಾಗ ಇಡೀ ಕಾರು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ. ಆಗ ಮೇಲ್ಛಾವಣಿ ಸೇರುವ ಮೂಲೆಯಲ್ಲಿ ಬಣ್ಣ ಬಿರುಕು ಬಿಡುತ್ತದೆ, ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ.

ಪರಿಹಾರ ಎರಡು ಭಾಗದ್ದು. ಅರ್ಧ ಶತಮಾನದ ಹಳೆಯ ರಬ್ಬರ್ ಬುಷ್‌ಗಳನ್ನು ತೆಗೆದು ಪಾಲಿಯುರೆಥೇನ್ ಅಥವಾ ಅಲ್ಯೂಮಿನಿಯಂ ಬುಷ್ ಹಾಕಿ. ಆಮೇಲೆ ಸಬ್‌ಫ್ರೇಮ್ ಕನೆಕ್ಟರ್ ಎಂಬ ಎರಡು ಉಕ್ಕಿನ ಪೆಟ್ಟಿಗೆ ಕೊಳವೆಗಳಿಂದ ಮುಂದಿನ ಚೌಕಟ್ಟನ್ನು ಹಿಂದಿನ ಹಳಿಗೆ ಜೋಡಿಸಿ. ಬೋಲ್ಟ್ ಹಾಕುವ ಬಗೆಯೂ ಸಿಗುತ್ತದೆ, ಆದರೆ ವೆಲ್ಡಿಂಗ್ ಮಾಡಿಸುವುದೇ ಮೇಲು.

ಇಲ್ಲಿ ಆಗುವ ತಪ್ಪು ಒಂದೇ, ಅದನ್ನು ಬಹಳ ಜನ ಮಾಡುತ್ತಾರೆ. ಕಾರನ್ನು ಮೈಯ ನಡುವಿನಲ್ಲಿ ಜಾಕ್ ಮೇಲಿಟ್ಟು, ಚಕ್ರಗಳು ಜೋತಾಡುವಾಗಲೇ ಕನೆಕ್ಟರುಗಳನ್ನು ಬೆಸೆದುಬಿಡುತ್ತಾರೆ. ಹಾಗೆ ಬೆಸೆದರೆ ಕಾರು ಆ ಬಾಗಿದ ಆಕಾರದಲ್ಲೇ ಗಟ್ಟಿಯಾಗುತ್ತದೆ. ಭಾರವೆಲ್ಲ ಚಕ್ರಗಳ ಮೇಲಿರಲಿ, ನೆಲ ಸಮತಟ್ಟಾಗಿರಲಿ, ಬಾಗಿಲುಗಳು ಸಲೀಸಾಗಿ ತೆರೆದು ಮುಚ್ಚುತ್ತಿವೆಯೇ ಎಂದು ನೋಡಿಕೊಂಡು ಮೊದಲು ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿಸಿ, ಮತ್ತೊಮ್ಮೆ ಬಾಗಿಲು ಪರೀಕ್ಷಿಸಿ, ಬಳಿಕ ಪೂರ್ತಿ ಮಾಡಿಸಿ. ಬೆಸೆಯುವ ಮುನ್ನ ಬ್ಯಾಟರಿಯ ತಂತಿ ಬಿಚ್ಚಿ, ಒಳಗಿನ ಕಾರ್ಪೆಟ್ ತೆಗೆಯಿರಿ, ಪೆಟ್ರೋಲ್ ಕೊಳವೆ ಹತ್ತಿರದಲ್ಲಿಲ್ಲ ಎಂದು ಖಾತರಿ ಮಾಡಿಕೊಳ್ಳಿ.

ಹಂತ 5: ಬ್ರೇಕು

190 ಕಿ.ಮೀ. ವೇಗದಲ್ಲಿ ಗೆರೆ ದಾಟುವ ಕಾರು ಅಷ್ಟೇ ನೆಚ್ಚಿಕೆಯಿಂದ ನಿಲ್ಲಬೇಕು. ಮುಂದೆ ಡಿಸ್ಕ್ ಬ್ರೇಕ್ ಹಾಕಿಸಿ, ಎಲ್ಲ ರಬ್ಬರ್ ಹೋಸುಗಳನ್ನು ಹೊಸದಾಗಿಸಿ, ಉಕ್ಕಿನ ಕೊಳವೆಗಳಲ್ಲಿ ತುಕ್ಕು ಕಂಡರೆ ಅವನ್ನೂ ಬದಲಿಸಿ. ನಂತರದ ಹಂತದಲ್ಲಿ ಹಾಕಲಿರುವ ಉಗ್ರ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವುಗಳನ್ನು ತೆರೆದು ಮುಚ್ಚಿಸುವ ದಂಡ, ಎಂಜಿನ್‌ನ ನಿರ್ವಾತವನ್ನು ಕುಗ್ಗಿಸುತ್ತದೆ, ನಿರ್ವಾತವನ್ನೇ ನೆಚ್ಚಿಕೊಂಡ ಪವರ್ ಬ್ರೇಕ್ ಆಗ ಕಲ್ಲಿನಂತಾಗುತ್ತದೆ. ಆದ್ದರಿಂದ ಪವರ್ ಇಲ್ಲದ ಬ್ರೇಕಿಗೆ ಸರಿಹೊಂದುವ ಮಾಸ್ಟರ್ ಸಿಲಿಂಡರನ್ನು ಈಗಲೇ ಆರಿಸಿಕೊಳ್ಳಿ. ತೂಕ ಉಳಿಸಲೆಂದು ಮುಂದೆ ಹಾಕುವ ಸಪೂರ ಚಕ್ರಗಳು ನೋಡಲು ಚೆನ್ನಾಗಿರುತ್ತವೆ, ಆದರೆ ಬ್ರೇಕಿನ ಬಹುಪಾಲು ಕೆಲಸ ನಡೆಯುವುದೇ ಮುಂಚಕ್ರಗಳಲ್ಲಿ. ಮಳೆ ಬೀಳುವ ಊರಿನಲ್ಲಿ ಅವು ಬೇಡ.

ಹಂತ 6: ಹಿಂದಿನ ಆಕ್ಸಲ್, ಸ್ಪ್ರಿಂಗು, ಟೈರು

ಕಾರಿನ ಇ.ಟಿ. ನಿರ್ಧಾರವಾಗುವುದು ಇಲ್ಲಿ, ಹಣ ಸುರಿಯಬೇಕಾದ ಜಾಗವೂ ಇದೇ.

ಈ ಅವಧಿಯ ಆರಂಭದ ವರ್ಷಗಳ ಸಾದಾ ನೋವಾದಲ್ಲಿ ಬರುವ ಹಿಂದಿನ ಆಕ್ಸಲ್‌ನ ಕ್ರೌನ್ ಚಕ್ರದ ವ್ಯಾಸ 8.2 ಅಂಗುಲ. ಇದನ್ನು ಮುಚ್ಚಳದ ಬೋಲ್ಟುಗಳ ಲೆಕ್ಕದಲ್ಲಿ ಟೆನ್ ಬೋಲ್ಟ್ ಎನ್ನುತ್ತಾರೆ. ಹಿಡಿತವುಳ್ಳ ಟೈರು ಮತ್ತು 440 ಹಾರ್ಸ್‌ಪವರ್ ಜೊತೆಯಾದರೆ ಇದು ಬಾಳುವುದಿಲ್ಲ. ನನ್ನ ಕಾರಿನಲ್ಲಿ ಅದು ಬಾಳಿದ್ದು ಕೆಲವೇ ಓಟಗಳ ಕಾಲ. ಆಮೇಲೆ ಮುಚ್ಚಳ ಬಿಚ್ಚಿದಾಗ ಪಿನಿಯನ್‌ನ, ಅಂದರೆ ಕ್ರೌನ್ ಚಕ್ರವನ್ನು ತಿರುಗಿಸುವ ಸಣ್ಣ ಹಲ್ಲುಚಕ್ರದ, ಹಲ್ಲಿನ ಚೂರುಗಳು ಎಣ್ಣೆಯ ತಳದಲ್ಲಿ ಹುರಿಗಡಲೆಯಂತೆ ಬಿದ್ದಿದ್ದವು. ಇದರ ಬದಲಿಗೆ 8.875 ಅಂಗುಲದ ಟ್ವೆಲ್ವ್ ಬೋಲ್ಟ್ ಅಥವಾ ಫೋರ್ಡ್ 9 ಅಂಗುಲದ ಆಕ್ಸಲ್ ಹಾಕಬೇಕು. ಷೆವರ್ಲೆ ಕಾರಿಗೆ ಫೋರ್ಡ್ ಆಕ್ಸಲ್ ಹಾಕುವುದಕ್ಕೆ ಹಿಂಜರಿಯುವವರಿದ್ದಾರೆ, ಆದರೂ ನನ್ನ ಒಲವು ಅದರ ಕಡೆಗೇ. ಜನರಲ್ ಮೋಟಾರ್ಸ್‌ನ ಈ ಆಕ್ಸಲ್‌ಗಳಲ್ಲಿ ಚಕ್ರದ ದಂಡವನ್ನು ಹಿಡಿದಿಡುವುದು ಒಳತುದಿಯ ಸಿ ಆಕಾರದ ಒಂದು ಸಣ್ಣ ಬಿಲ್ಲೆ. ದಂಡ ಮುರಿದರೆ ಚಕ್ರ ದಂಡದ ತುಂಡಿನೊಂದಿಗೆ ಹೊರಬರಬಹುದು. ಫೋರ್ಡ್ 9 ಅಂಗುಲದಲ್ಲಿ ದಂಡವನ್ನು ಹೊರತುದಿಯ ಬೇರಿಂಗ್ ಬಳಿಯೇ ಬಿಗಿದಿರುತ್ತಾರೆ. 31 ಗೀರುಗಳ ದಂಡಗಳನ್ನು ಆರಿಸಿಕೊಳ್ಳಿ.

ಒಳಗಿನ ಡಿಫರೆನ್ಶಿಯಲ್ ಲಿಮಿಟೆಡ್ ಸ್ಲಿಪ್ ಬಗೆಯದಾಗಿರಲಿ. ಒಂದು ಚಕ್ರ ಜಾರಿದಾಗ ಇನ್ನೊಂದಕ್ಕೂ ಬಲ ಹಂಚುವಂಥದ್ದು ಅದು. ಎರಡೂ ಚಕ್ರಗಳನ್ನು ಸದಾ ಒಟ್ಟಿಗೆ ತಿರುಗಿಸುವ ಸ್ಪೂಲ್ ಅಗ್ಗವೂ ಹೌದು, ಹಗುರವೂ ಹೌದು, ಆದರೆ ರಸ್ತೆಯ ತಿರುವುಗಳಲ್ಲಿ ಟೈರನ್ನು ಉಜ್ಜುತ್ತದೆ, ಒದ್ದೆ ರಸ್ತೆಯಲ್ಲಿ ಕಾರನ್ನು ಅಡ್ಡ ತಿರುಗಿಸುತ್ತದೆ.

ಹಲ್ಲಿನ ಅನುಪಾತದ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟು ಎಷ್ಟು ಸುತ್ತು ತಿರುಗಬೇಕು ಎಂಬುದರ, ಲೆಕ್ಕ ಸುಲಭ. ಮೈಲಿ ವೇಗವನ್ನು ಅನುಪಾತದಿಂದಲೂ 336ರಿಂದಲೂ ಗುಣಿಸಿ, ಟೈರಿನ ಎತ್ತರದ ಅಂಗುಲದಿಂದ ಭಾಗಿಸಿದರೆ ಎಂಜಿನ್ ಸುತ್ತು ಸಿಗುತ್ತದೆ. 28 ಅಂಗುಲದ ಟೈರು, 3.73 ಅನುಪಾತ ಇದ್ದು, ನೇರ ಗೇರಿನಲ್ಲಿ 65 ಮೈಲಿ ವೇಗದಲ್ಲಿ ಹೋದರೆ ನಿಮಿಷಕ್ಕೆ ಸುಮಾರು 2,900 ಸುತ್ತು. 4.10 ಹಾಕಿದರೆ ಅದು 3,200 ಆಗುತ್ತದೆ, ಟ್ರ್ಯಾಕಿನಲ್ಲಿ ತುಸು ಲಾಭ, ಹೆದ್ದಾರಿಯಲ್ಲಿ ಕಿವಿಗೂ ಜೇಬಿಗೂ ನಷ್ಟ. ಮೂರು ಗೇರಿನ ಪೆಟ್ಟಿಗೆಗೆ ನಾನು 3.73ನ್ನೇ ಸೂಚಿಸುತ್ತೇನೆ. ಹೊಸ ಹಲ್ಲುಗಳನ್ನು ಹಾಕಿದ ಮೇಲೆ ಮೊದಲ ದಿನಗಳಲ್ಲಿ ಹದಿನೈದಿಪ್ಪತ್ತು ನಿಮಿಷ ಮೆಲ್ಲಗೆ ಓಡಿಸಿ ಪೂರ್ತಿ ತಣಿಯಲು ಬಿಡುವುದನ್ನು ಕೆಲವು ಸಲ ಮಾಡಿ, 800 ಕಿ.ಮೀ. ಆದ ಮೇಲೆ ಎಣ್ಣೆ ಬದಲಿಸಿ. ಈ ಸಹನೆ ಇಲ್ಲದೆ ನೇರವಾಗಿ ಟ್ರ್ಯಾಕಿಗೆ ಹೋದವರು ಹಲ್ಲು ಸುಟ್ಟುಕೊಂಡಿದ್ದಾರೆ.

ನೋವಾದ ಹಿಂದಿನ ಪಟ್ಟಿ ಸ್ಪ್ರಿಂಗುಗಳ ಸಮಸ್ಯೆಯೆಂದರೆ, ಆಕ್ಸಿಲರೇಟರ್ ಒತ್ತಿದಾಗ ಆಕ್ಸಲ್ ತಾನೇ ತಿರುಚಿಕೊಳ್ಳುತ್ತಾ ಸ್ಪ್ರಿಂಗನ್ನು ಇಂಗ್ಲಿಷಿನ ಎಸ್ ಅಕ್ಷರದಂತೆ ಬಗ್ಗಿಸುತ್ತದೆ. ಅದು ಮರುಕ್ಷಣ ಚಿಮ್ಮಿದಾಗ ಚಕ್ರಗಳು ನೆಲದ ಮೇಲೆ ಕುಪ್ಪಳಿಸುತ್ತವೆ, ಅದೇ ವೀಲ್ ಹಾಪ್. ಗೇರ್‌ಬಾಕ್ಸ್ ಮತ್ತು ಆಕ್ಸಲ್ ಮುರಿಯಲು ಇದಕ್ಕಿಂತ ಒಳ್ಳೆಯ ಉಪಾಯ ಬೇರಿಲ್ಲ. ಕ್ಯಾಲ್‌ಟ್ರ್ಯಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ದಂಡಗಳು ಆಕ್ಸಲ್‌ನ ಈ ತಿರುಚುವಿಕೆಯನ್ನು ಹಿಡಿದು, ಸ್ಪ್ರಿಂಗಿನ ಮುಂದಿನ ಅರ್ಧವನ್ನು ಅದುಮಿ, ಟೈರನ್ನು ನೆಲಕ್ಕೆ ಒತ್ತುತ್ತವೆ. ರಸ್ತೆಯ ಸವಾರಿಯನ್ನೂ ಇವು ಹೆಚ್ಚು ಕೆಡಿಸುವುದಿಲ್ಲ. ಇವುಗಳ ಜೊತೆ ಪಿನಿಯನ್ ಕೋನವನ್ನು, ಅಂದರೆ ಆಕ್ಸಲ್‌ನ ಮೂತಿ ಪ್ರೊಪೆಲ್ಲರ್ ಶಾಫ್ಟಿಗೆ ಹೋಲಿಸಿದರೆ ಎಷ್ಟು ಕೆಳಗೆ ಬಾಗಿದೆ ಎಂಬುದನ್ನು, ದಂಡದ ತಯಾರಕರು ಹೇಳಿದಂತೆಯೇ ಹೊಂದಿಸಿ. ಸ್ಪ್ರಿಂಗ್ ಕೂರುವ ತಟ್ಟೆಗಳನ್ನು ಆಕ್ಸಲ್‌ಗೆ ಬೆಸೆಯುವ ಮುನ್ನ ಕಾರು ತನ್ನ ಪೂರ್ಣ ತೂಕದಲ್ಲಿ ಚಕ್ರಗಳ ಮೇಲೆ ನಿಂತಿರಬೇಕು. ಬೆಸೆದ ಮೇಲೆ ತಿದ್ದುವುದು ಕಷ್ಟ.

ಟೈರಿಗೆ ಬಂದರೆ, ನಿಮಗೆ ಬೇಕಾದದ್ದು ಡ್ರ್ಯಾಗ್ ರೇಡಿಯಲ್. ಡಾಟ್ ಗುರುತಿರುವ, ಮೆದು ರಬ್ಬರಿನ, ಆಳವಿಲ್ಲದ ಗೀರುಗಳ ಟೈರು ಇದು. ಹದಿನೈದು ಅಂಗುಲದ ಚಕ್ರಕ್ಕೆ 255/60 ಅಳತೆ ನೋವಾದ ಹಿಂದಿನ ಗೂಡಿನಲ್ಲಿ ಚಕ್ರದ ಆಫ್‌ಸೆಟ್ ಸರಿಯಿದ್ದರೆ ಕೂರುತ್ತದೆ, 275/60ಕ್ಕೆ ಸಾಮಾನ್ಯವಾಗಿ ಗೂಡಿನ ಅಂಚನ್ನು ಮಡಿಸಬೇಕಾಗುತ್ತದೆ ಇಲ್ಲವೆ ಸ್ಪ್ರಿಂಗುಗಳನ್ನು ಒಳಕ್ಕೆ ಸರಿಸಬೇಕಾಗುತ್ತದೆ. ಚಕ್ರ ಕೊಳ್ಳುವ ಮೊದಲು ಗೂಡನ್ನು ನೀವೇ ಅಳೆಯಿರಿ. ಒಂದೇ ಮಾದರಿಯ ಎರಡು ಕಾರುಗಳ ನಡುವೆ, ಅಷ್ಟೇ ಏಕೆ ಒಂದೇ ಕಾರಿನ ಎಡ ಬಲಗಳ ನಡುವೆಯೂ, ವ್ಯತ್ಯಾಸವಿರುತ್ತದೆ. ಈ ಟೈರುಗಳು ಮಳೆಯಲ್ಲಿ ಅಪಾಯಕಾರಿ, ಬೇಗ ಸವೆಯುತ್ತವೆ.

ಹಂತ 7: ಗೇರ್‌ಬಾಕ್ಸು ಮತ್ತು ಕನ್ವರ್ಟರು

ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನೇ ಆರಿಸಿ. ಜನರಲ್ ಮೋಟಾರ್ಸ್‌ನ ಟರ್ಬೊ 350 ಮೂರು ಗೇರುಗಳದು, ಮೊದಲನೆಯದರ ಅನುಪಾತ 2.52. ಒಳ್ಳೆಯ ಬಿಡಿಭಾಗಗಳಿಂದ ಮರುಜೋಡಿಸಿದರೆ ನಮ್ಮ ಗುರಿಗೆ ಧಾರಾಳವಾಗಿ ಸಾಕು. ನಿತ್ಯ ಹೆದ್ದಾರಿಯಲ್ಲಿ ದೂರ ಹೋಗುವವರು ನಾಲ್ಕನೆಯ ಓವರ್‌ಡ್ರೈವ್ ಗೇರು ಇರುವ 4ಎಲ್80ಇ ಕಡೆಗೆ ನೋಡಬಹುದು, ಅದು ಗಟ್ಟಿ, ಜೊತೆಗೆ ಭಾರ.

ಟಾರ್ಕ್ ಕನ್ವರ್ಟರ್ ಎಂದರೆ ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುವೆ ಎಣ್ಣೆಯ ಮೂಲಕ ಬಲ ದಾಟಿಸುವ ದುಂಡನೆಯ ಪೆಟ್ಟಿಗೆ. ಅದು ಎಷ್ಟು ಸುತ್ತಿನವರೆಗೆ ಎಂಜಿನ್ನನ್ನು ಸ್ವತಂತ್ರವಾಗಿ ಏರಲು ಬಿಡುತ್ತದೆ ಎಂಬುದು ಸ್ಟಾಲ್. ಮೂಲ ಕನ್ವರ್ಟರಿನಲ್ಲಿ ಇದು ತೀರ ಕಡಿಮೆ, ನಮ್ಮ ಕಾರಿಗೆ 3,000ದಿಂದ 3,500 ಬೇಕು. ಅಂಗಡಿಯ ಕಪಾಟಿನಿಂದ ತೆಗೆದುಕೊಳ್ಳುವ ಬದಲು ಕಾರಿನ ತೂಕ, ಕ್ಯಾಮ್ ವಿವರ, ಹಿಂದಿನ ಅನುಪಾತ, ಟೈರಿನ ಎತ್ತರ ಎಲ್ಲವನ್ನೂ ತಯಾರಕರಿಗೆ ತಿಳಿಸಿ ಮಾಡಿಸಿಕೊಳ್ಳಿ. ಸ್ಟಾಲ್ ಹೆಚ್ಚಾದಷ್ಟೂ ಎಣ್ಣೆ ಬಿಸಿಯಾಗುತ್ತದೆ, ಆದ್ದರಿಂದ ಪ್ರತ್ಯೇಕ ಕೂಲರ್ ಕಡ್ಡಾಯ ಎಂದುಕೊಳ್ಳಿ. ಎಣ್ಣೆಕಡ್ಡಿಯನ್ನು ಮೂಸಿದಾಗ ಸುಟ್ಟ ವಾಸನೆ ಬಂದರೆ, ಬಣ್ಣ ಕೆಂಪಿನಿಂದ ಕಂದಿಗೆ ತಿರುಗಿದ್ದರೆ, ಮುಂದಿನ ಓಟವನ್ನು ಬಿಟ್ಟುಬಿಡಿ.

ಜೋಡಿಸುವಾಗ ಒಂದು ಎಚ್ಚರಿಕೆ. ಕನ್ವರ್ಟರನ್ನು ಗೇರ್‌ಬಾಕ್ಸಿನ ಮೂತಿಗೆ ಸೇರಿಸಿ, ಎರಡೂ ಕೈಯಲ್ಲಿ ತಿರುಗಿಸುತ್ತಾ ಒಳಗೆ ತಳ್ಳಿ. ಒಳಗಿನ ಗೀರುಗಳು ಮತ್ತು ಪಂಪಿನ ಕಚ್ಚುಗಳು ಒಂದೊಂದಾಗಿ ಕೂರುವಾಗ ಅದು ಟಕ್ ಎಂದು ಒಳಗೆ ಜಾರುವುದು ಕೈಗೆ ಗೊತ್ತಾಗುತ್ತದೆ, ಸಾಮಾನ್ಯವಾಗಿ ಮೂರು ಸಲ. ಎರಡೇ ಸಲ ಜಾರಿದ್ದಕ್ಕೆ ತೃಪ್ತರಾಗಿ ಬೋಲ್ಟುಗಳಿಂದ ಎಂಜಿನ್‌ಗೆ ಎಳೆದು ಬಿಗಿದರೆ, ಎಂಜಿನ್ ಶುರುವಾಗುವ ಮೊದಲೇ ಪಂಪ್ ಮುರಿದಿರುತ್ತದೆ. ಎಲ್ಲ ಸರಿಯಾಗಿ ಕೂತ ಮೇಲೆ ಕನ್ವರ್ಟರನ್ನು ಎಂಜಿನ್‌ನ ಹಿಂತುದಿಯ ಫ್ಲೆಕ್ಸ್‌ಪ್ಲೇಟ್ ಎಂಬ ಉಕ್ಕಿನ ತಟ್ಟೆಗೆ ತಾಗಿಸಲು ಸುಮಾರು 3ರಿಂದ 5 ಮಿ.ಮೀ. ಮುಂದಕ್ಕೆ ಎಳೆಯಬೇಕಾಗಿ ಬರಬೇಕು. ಈ ಅಂತರವನ್ನು ಅಳೆಯದೆ ಮುಂದುವರಿಯಬೇಡಿ.

ಹಂತ 8: ಈಗ ಎಂಜಿನ್

ಎರಡು ದಾರಿಗಳಿವೆ. ಮೊದಲನೆಯದು ಷೆವರ್ಲೆಯ ಹಳೆಯ ಸ್ಮಾಲ್ ಬ್ಲಾಕ್ ವಿ8. 350 ಘನ ಅಂಗುಲದ ಬ್ಲಾಕಿನ ಸಿಲಿಂಡರುಗಳನ್ನು 4.030 ಅಂಗುಲ ವ್ಯಾಸಕ್ಕೆ ಬೋರ್ ಮಾಡಿಸಿ, ಪಿಸ್ಟನ್ 3.75 ಅಂಗುಲ ಓಡಾಡುವ ಸ್ಟ್ರೋಕಿನ ಕ್ರ್ಯಾಂಕ್ ಹಾಕಿದರೆ 383 ಘನ ಅಂಗುಲವಾಗುತ್ತದೆ. ಒಳ್ಳೆಯ ಅಲ್ಯೂಮಿನಿಯಂ ಹೆಡ್ಡುಗಳು, 750 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 750 ಘನ ಅಡಿ ಗಾಳಿ ಬಿಡುವ, ಕಾರ್ಬ್ಯುರೇಟರು ಜೊತೆಯಾದರೆ 440 ಹಾರ್ಸ್‌ಪವರ್ ಸಲೀಸು. ಎರಡನೆಯದು, 1999ರ ನಂತರದ ಪಿಕಪ್ ಟ್ರಕ್ಕುಗಳಿಂದ ಗುಜರಿಯಲ್ಲಿ ಸಿಗುವ 5.3 ಲೀಟರಿನ, ಎಲ್‌ಎಸ್ ಎಂಬ ಹೊಸ ವಿ8 ಕುಟುಂಬದ ಎಂಜಿನ್. ಕೊಳ್ಳುವಾಗ ಅದು ಅಗ್ಗ. ಆದರೆ ವೈರಿಂಗು, ಕಂಪ್ಯೂಟರು, ಎಣ್ಣೆ ತೊಟ್ಟಿ, ಪೆಟ್ರೋಲ್ ಪಂಪು ಎಂದು ಪಟ್ಟಿ ಬೆಳೆಯುತ್ತದೆ, ಟರ್ಬೊ ಇಲ್ಲದೆ ಅದು ನಮ್ಮ ಗುರಿ ಮುಟ್ಟಲು ಕ್ಯಾಮು, ಹೆಡ್ಡುಗಳ ಮೇಲೂ ಖರ್ಚಾಗುತ್ತದೆ. ಮೊದಲ ಕಾರಿಗೆ, ಅದರಲ್ಲೂ ಲ್ಯಾಪ್‌ಟಾಪಿನಲ್ಲಿ ಎಂಜಿನ್ ಹೊಂದಿಸುವ ಅನುಭವವಿಲ್ಲದವರಿಗೆ, 383 ಸಾಕು.

ಕಂಪ್ರೆಷನ್ ಅನುಪಾತವನ್ನು, ಅಂದರೆ ಸಿಲಿಂಡರು ಒಳಗಿನ ಮಿಶ್ರಣವನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬುದನ್ನು, ನಿಮ್ಮೂರಿನ ಪೆಟ್ರೋಲ್ ನೋಡಿ ನಿರ್ಧರಿಸಿ. ಅಮೆರಿಕದ ಬಂಕಿನಲ್ಲಿ ಬರೆದಿರುವ 91 ಅಥವಾ 93 ಆಕ್ಟೇನ್, ಅಂದರೆ ಪೆಟ್ರೋಲ್ ಅಕಾಲದಲ್ಲಿ ಸಿಡಿಯದೆ ತಾಳುವ ಗುಣದ ಅಳತೆ, ಎರಡು ವಿಧಾನಗಳ ಸರಾಸರಿ. ಭಾರತದಲ್ಲಿ ಬಳಸುವ ಆರ್‌ಒಎನ್ ಲೆಕ್ಕದಲ್ಲಿ ಅಲ್ಲಿನ 91 ಸುಮಾರು 95ಕ್ಕೆ ಸಮ. 91 ಮಾತ್ರ ಸಿಗುವ ಕಡೆ ಅಲ್ಯೂಮಿನಿಯಂ ಹೆಡ್ಡಿಗೆ 10ರಿಂದ 10.5, ಕಬ್ಬಿಣದ ಹೆಡ್ಡಿಗೆ 9.5ರ ಆಸುಪಾಸು ನಿಲ್ಲಿಸಿ. ಟ್ರ್ಯಾಕಿನಲ್ಲಿ ರೇಸ್ ಪೆಟ್ರೋಲ್ ಹಾಕಿಕೊಂಡರಾಯಿತು ಎಂದು 12ಕ್ಕೆ ಏರಿಸಿದ ಕಾರು ಮನೆಗೆ ಮರಳುವ ದಾರಿಯಲ್ಲಿ ಪಿಸ್ಟನ್ ಒಡೆದುಕೊಳ್ಳುತ್ತದೆ.

ಕ್ಯಾಮ್‌ಶಾಫ್ಟ್ ಹೈಡ್ರಾಲಿಕ್ ರೋಲರ್ ಬಗೆಯದಿರಲಿ. ಹಳೆಯ ಫ್ಲಾಟ್ ಟ್ಯಾಪೆಟ್ ಕ್ಯಾಮಿಗೆ ಎಣ್ಣೆಯಲ್ಲಿ ಸತುವಿನ ಸಂಯುಕ್ತ ಹೆಚ್ಚಿರಬೇಕು, ಇಂದಿನ ಸಾಮಾನ್ಯ ಎಣ್ಣೆಗಳಲ್ಲಿ ಅದು ಕಡಿಮೆ. ಮೊದಲ ಇಪ್ಪತ್ತು ನಿಮಿಷ ತಪ್ಪಿದರೆ ಕ್ಯಾಮಿನ ಉಬ್ಬು ಸವೆದು ಲೋಹದ ಪುಡಿ ಎಂಜಿನ್ ತುಂಬ ಹರಡುತ್ತದೆ. ಡ್ಯುರೇಷನ್, ಅಂದರೆ ವಾಲ್ವು ತೆರೆದಿರುವ ಅವಧಿ, 0.050 ಅಂಗುಲದ ಅಳತೆಯಲ್ಲಿ 230ರಿಂದ 236 ಡಿಗ್ರಿ ಇದ್ದರೆ ಸಿಗ್ನಲ್‌ನಲ್ಲಿ ಕಾಯುವಾಗಲೂ ಎಂಜಿನ್ ಆರದೆ ಓಡುತ್ತದೆ, ಟ್ರ್ಯಾಕಿನಲ್ಲೂ ಎಳೆಯುತ್ತದೆ. ಇಗ್ನಿಷನ್ ಟೈಮಿಂಗ್, ಅಂದರೆ ಪಿಸ್ಟನ್ ಮೇಲ್ತುದಿ ಮುಟ್ಟುವ ಮೊದಲೇ ಕಿಡಿ ಹೊತ್ತಿಸುವ ಕೋನ, ಒಟ್ಟು 34ರಿಂದ 36 ಡಿಗ್ರಿ.

ಹಂತ 9: ನೀರು, ಪೆಟ್ರೋಲು, ವಿದ್ಯುತ್ತು

ಅಲ್ಯೂಮಿನಿಯಂ ರೇಡಿಯೇಟರಿಗಿಂತ ಫ್ಯಾನಿನ ಸುತ್ತಲಿನ ಕವಚ ಮುಖ್ಯ. ಅದಿಲ್ಲದಿದ್ದರೆ ಟ್ರಾಫಿಕ್ಕಿನಲ್ಲಿ ಎಷ್ಟು ದೊಡ್ಡ ರೇಡಿಯೇಟರೂ ಕುದಿಯುತ್ತದೆ. ಉಕ್ಕಿ ಬಂದ ನೀರು ಟ್ರ್ಯಾಕಿಗೆ ಬೀಳದಂತೆ ಕನಿಷ್ಠ 16 ಔನ್ಸಿನ, ಸುಮಾರು ಅರ್ಧ ಲೀಟರಿನ, ಡಬ್ಬಿ ಇರಲೇಬೇಕು.

ಪೆಟ್ರೋಲ್ ಕೊಳವೆ 3/8 ಅಂಗುಲದ್ದಾಗಿರಲಿ, ಅದು ಚಾಲಕನ ಕೋಣೆಯೊಳಗೆ ಹಾದುಹೋಗಬಾರದು. ವಿದ್ಯುತ್ ಪಂಪನ್ನು ಟ್ಯಾಂಕಿನ ಹತ್ತಿರ, ಟ್ಯಾಂಕಿನಷ್ಟೇ ತಗ್ಗಿನಲ್ಲಿ ಕೂರಿಸಿ. ಎಂಜಿನ್ ನಿಂತರೆ ಪಂಪೂ ತಾನಾಗಿ ನಿಲ್ಲುವಂತೆ ಎಣ್ಣೆಯ ಒತ್ತಡದ ಸ್ವಿಚ್ಚನ್ನು ಜೋಡಿಸಿ.

ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿದರೆ ಹಿಂದಿನ ಚಕ್ರಗಳ ಮೇಲೆ ಭಾರ ಹೆಚ್ಚುತ್ತದೆ. ಆದರೆ ಹಾಗೆ ಮಾಡಿದ ಕೂಡಲೇ ಕಾರಿನ ಹಿಂಭಾಗದಲ್ಲಿ ಹೊರಗಿನಿಂದ ಕೈಗೆಟುಕುವ ಮುಖ್ಯ ಸ್ವಿಚ್ ಬೇಕಾಗುತ್ತದೆ, ಅದನ್ನು ಆಫ್ ಮಾಡಿದರೆ ಓಡುತ್ತಿರುವ ಎಂಜಿನ್ ನಿಲ್ಲಬೇಕು. ಬಹಳ ಜನ ಬ್ಯಾಟರಿಯ ತಂತಿಯನ್ನಷ್ಟೇ ಸ್ವಿಚ್ಚಿಗೆ ಜೋಡಿಸುತ್ತಾರೆ. ಆಗ ಆಲ್ಟರ್ನೇಟರ್ ಕೊಡುವ ವಿದ್ಯುತ್ತಿನಿಂದ ಎಂಜಿನ್ ಓಡುತ್ತಲೇ ಇರುತ್ತದೆ, ತಪಾಸಕರು ಕಾರನ್ನು ಹಿಂದಕ್ಕೆ ಕಳುಹಿಸುತ್ತಾರೆ. ಆಲ್ಟರ್ನೇಟರಿನ ತಂತಿಯನ್ನು ಪ್ರತ್ಯೇಕವಾಗಿ ಸ್ವಿಚ್ಚಿನ ಬ್ಯಾಟರಿ ಬದಿಗೆ ತನ್ನಿ.

ಹಂತ 10: ತಪಾಸಣೆಗೆ ಸಿದ್ಧತೆ

ಓಡುವ ಮುನ್ನ ಟ್ರ್ಯಾಕಿನಲ್ಲಿ ಕಾರನ್ನು ತಪಾಸಣೆ ಮಾಡುತ್ತಾರೆ. ಆ ವರ್ಷದ ನಿಯಮ ಪುಸ್ತಕವನ್ನು ತರಿಸಿಕೊಂಡು ಓದಿ, ಏಕೆಂದರೆ ನಿಯಮಗಳು ಬದಲಾಗುತ್ತವೆ. 13.99 ಅಥವಾ ಅದಕ್ಕಿಂತ ಬೇಗ ಓಡುವ ಕಾರಿನಲ್ಲಿ ಸ್ನೆಲ್ ಎಂಬ ಸುರಕ್ಷತಾ ಸಂಸ್ಥೆಯ ಗುರುತಿನಂಥ ಮಾನ್ಯತೆಯುಳ್ಳ ಹೆಲ್ಮೆಟ್ ಬೇಕು. ಉದ್ದ ಪ್ಯಾಂಟು, ಮುಚ್ಚಿದ ಬೂಟು ಧರಿಸಿ ಹೋಗಿ. ಗೇರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇಲ್ಲದಾಗ ಎಂಜಿನ್ ಶುರುವಾಗಬಾರದು. ಆಕ್ಸಿಲರೇಟರಿಗೆ ಹಿಂದೆಳೆಯುವ ಸ್ಪ್ರಿಂಗ್ ಇರಲೇಬೇಕು. ಚಕ್ರದ ಸ್ಟಡ್‌ಗಳು ನಟ್ಟಿನ ಷಟ್ಕೋನ ಭಾಗದೊಳಗೆ ಕನಿಷ್ಠ ತಮ್ಮ ದಪ್ಪದಷ್ಟು ಆಳಕ್ಕೆ ಹೋಗಿರಬೇಕು; ದಪ್ಪ ಅಲ್ಯೂಮಿನಿಯಂ ಚಕ್ರ ಹಾಕಿದವರು ಸಿಕ್ಕಿಬೀಳುವುದು ಇಲ್ಲೇ, ಅವರಿಗೆ ಉದ್ದದ ಸ್ಟಡ್ ಬೇಕು.

ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ಕೀಲು ಮುರಿದರೆ ಶಾಫ್ಟು ನೆಲಕ್ಕೆ ಕಚ್ಚಿಕೊಂಡು ಕಾರನ್ನೇ ಎತ್ತಬಹುದು. ಅದನ್ನು ತಡೆಯುವ ಉಕ್ಕಿನ ಬಳೆ, 2 ಅಂಗುಲ ಅಗಲ, ಕಾಲು ಅಂಗುಲ ದಪ್ಪದ್ದು, ಮುಂದಿನ ಕೀಲಿನಿಂದ 6 ಅಂಗುಲದೊಳಗೆ ಇರಬೇಕು. ಗೀರುಗಳಿಲ್ಲದ ಸ್ಲಿಕ್ ಟೈರು ಹಾಕಿ 13.99 ಅಥವಾ ಅದಕ್ಕಿಂತ ಬೇಗ ಓಡುವವರಿಗೆ ಇದು ಕಡ್ಡಾಯ. ನಿಮ್ಮ ಟೈರು ಯಾವುದಾದರೂ ಸರಿ, ಹಾಕಿಸಿಯೇ ಹಾಕಿಸಿ.

ಹಂತ 11: ರಸ್ತೆಯಲ್ಲಿ ಪರೀಕ್ಷೆ, ಆಮೇಲೆ ಮೊದಲ ಓಟ

ಟ್ರ್ಯಾಕಿಗೆ ಹೋಗುವ ಮೊದಲು ಕನಿಷ್ಠ 500 ಕಿ.ಮೀ. ರಸ್ತೆಯಲ್ಲಿ ಓಡಿಸಿ. ಪ್ರತಿ ಸಲ ಮರಳಿದಾಗ ಕಾರಿನ ಕೆಳಗೆ ಒಂದು ರಟ್ಟು ಹಾಸಿ, ಬೆಳಿಗ್ಗೆ ಅದರ ಮೇಲೆ ಯಾವ ಬಣ್ಣದ ಹನಿ ಬಿದ್ದಿದೆ ನೋಡಿ. ಕೆಂಪಾದರೆ ಗೇರ್‌ಬಾಕ್ಸು, ಕಪ್ಪಾದರೆ ಎಂಜಿನ್ನು, ಹಿಂದೆ ದಟ್ಟವಾಗಿ ಗಂಧಕದ ವಾಸನೆಯಿದ್ದರೆ ಆಕ್ಸಲ್ಲು. 2005ರಲ್ಲಿ ಆರಂಭವಾದ ಹಾಟ್ ರಾಡ್ ಡ್ರ್ಯಾಗ್ ವೀಕ್ ಎಂಬ ಕೂಟದಲ್ಲಿ ಸ್ಪರ್ಧಿಗಳು ಐದು ದಿನ ಓಡುತ್ತಾರೆ, ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಅದೇ ಕಾರನ್ನು ಸಾರ್ವಜನಿಕ ರಸ್ತೆಯಲ್ಲೇ ಓಡಿಸಿಕೊಂಡು ಹೋಗುತ್ತಾರೆ. ನಿಮ್ಮ ಕಾರು ಅಂಥದ್ದನ್ನು ತಾಳುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ.

ಟೆಸ್ಟ್ ಅಂಡ್ ಟ್ಯೂನ್ ಎಂಬ ಅಭ್ಯಾಸದ ದಿನ ಹೋಗಿ. ಹಿಂದಿನ ಟೈರುಗಳ ಗಾಳಿಯನ್ನು 18ರಿಂದ 20 ಪಿಎಸ್‌ಐಗೆ ಇಳಿಸಿ. ಹೊರಡುಗೆರೆಯ ಮುನ್ನ ಟೈರು ಬಿಸಿ ಮಾಡಲು ನೀರು ಚೆಲ್ಲಿದ ಜಾಗವಿರುತ್ತದೆ. ಗೀರುಗಳಿರುವ ಟೈರಿನವರು ಅದರೊಳಗೆ ಹೋಗದೆ ಬಳಸಿಕೊಂಡು ಹೋಗಿ, ಒಣ ಜಾಗದಲ್ಲಿ ತುಸುವೇ ತಿರುಗಿಸಬೇಕು. ಇಲ್ಲವಾದರೆ ಗೀರುಗಳಲ್ಲಿ ಮತ್ತು ಚಕ್ರದ ಗೂಡಿನಲ್ಲಿ ಸೇರಿಕೊಂಡ ನೀರು ಹೊರಡುಗೆರೆಯ ಮೇಲೆ ತೊಟ್ಟಿಕ್ಕುತ್ತದೆ, ನೀವೂ ಜಾರುತ್ತೀರಿ, ನಿಮ್ಮ ಹಿಂದೆ ಬರುವವರೂ ಜಾರುತ್ತಾರೆ.

ಮೊದಲ ಓಟದಲ್ಲಿ ಅರ್ಧ ಆಕ್ಸಿಲರೇಟರ್ ಒತ್ತಿ, ಅರ್ಧ ದೂರದಲ್ಲೇ ಬಿಡಿ, ಬ್ರೇಕು ನೇರವಾಗಿ ಹಿಡಿಯುತ್ತದೆಯೇ ಎಂಬುದಷ್ಟನ್ನೇ ನೋಡಿ. ಕೊನೆಯಲ್ಲಿ ಕೊಡುವ ಸಮಯದ ಚೀಟಿಯಲ್ಲಿ ನಿಮ್ಮ ಕಣ್ಣು ಮೊದಲು ಹೋಗಬೇಕಾದದ್ದು ಒಟ್ಟು ಇ.ಟಿ.ಗೆ ಅಲ್ಲ, ಮೊದಲ 60 ಅಡಿಯ ಸಮಯಕ್ಕೆ. 11.5 ಓಡುವ ಕಾರಿನಲ್ಲಿ ಅದು 1.6ರಿಂದ 1.7 ಸೆಕೆಂಡಿನ ಆಸುಪಾಸು ಇರುತ್ತದೆ. ಅದು 1.9 ಇದ್ದು ಕೊನೆಯ ವೇಗ 118 ಮೈಲಿ ಮುಟ್ಟಿದ್ದರೆ ಎಂಜಿನ್ ಸರಿಯಿದೆ, ತೊಂದರೆ ಟೈರಿನ ಗಾಳಿಯಲ್ಲೋ ಸ್ಪ್ರಿಂಗಿನ ಹೊಂದಾಣಿಕೆಯಲ್ಲೋ ಇದೆ. ವೇಗವೇ 108ಕ್ಕೆ ನಿಂತಿದ್ದರೆ ಶಕ್ತಿ ಕಡಿಮೆಯಾಗಿದೆ, ಟೈಮಿಂಗ್ ಮತ್ತು ಕಾರ್ಬ್ಯುರೇಟರ್ ನೋಡಿ. ಒಂದು ಓಟಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನು ಚೀಟಿಯ ಹಿಂಬದಿಯಲ್ಲಿ ಬರೆದಿಡಿ.

11.49 ಎಂದು ಚೀಟಿಯಲ್ಲಿ ಬಂದ ದಿನ ರೋಲ್ ಬಾರ್ ಹಾಕಿಸಿಕೊಂಡು ಬನ್ನಿ ಎಂದು ಅಧಿಕಾರಿಗಳು ಹೇಳುತ್ತಾರೆ, ಅವರೊಡನೆ ವಾದಿಸಬೇಡಿ. ಹೊರಡುವ ಮುನ್ನ ಚಕ್ರದ ನಟ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಮತ್ತೊಮ್ಮೆ ಬಿಗಿದು, ಹಿಂದಿನ ಟೈರುಗಳ ಗಾಳಿಯನ್ನು ರಸ್ತೆಯ ಒತ್ತಡಕ್ಕೆ ತುಂಬಿಕೊಳ್ಳಿ. ಕಡಿಮೆ ಗಾಳಿಯಲ್ಲೇ ಹೆದ್ದಾರಿಗೆ ಇಳಿದರೆ ಟೈರಿನ ಪಕ್ಕೆ ಬಿಸಿಯೇರಿ ಸಿಡಿಯುತ್ತದೆ. ಗಾಳಿ ತುಂಬುವ ಸಣ್ಣ ಪಂಪು ಡಿಕ್ಕಿಯಲ್ಲಿ ಸದಾ ಇರಲಿ.